ಹೋಸ್ ಹೊರಗೆ ಚೆನ್ನಾಗಿದೆ, ಒಳಗೆ?

ಪ್ರಶ್ನೆ: ನಮ್ಮದು 2006ರ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ, ಎರಡು ಮಂಚ, ಒಂದು ಗ್ಯಾಸ್ ಒಲೆ ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದೇವೆ. ವರ್ಷಕ್ಕೆ ಮೂರ್ನಾಲ್ಕು ಸಲ ಮಾತ್ರ ಹೊರಗೆ ತೆಗೆಯುತ್ತೇವೆ. ಬೇಸಿಗೆ ರಜೆಗೆ ಮಕ್ಕಳ ಜೊತೆ ಗೋವಾಕ್ಕೆ ಹೊರಟಿದ್ದೇವೆ. ಇಂಜಿನ್ ತಂಪಾಗಿಡುವ ದ್ರವ (ಕೂಲೆಂಟ್) ಹರಿಯುವ ರಬ್ಬರ್ ಹೋಸ್ ಎಲ್ಲಾ ಬದಲಿಸಿ ಅಂತಾರೆ ಮೆಕ್ಯಾನಿಕ್. ನೋಡೋಕೆ ಚೆನ್ನಾಗೇ ಇವೆ, ಎಲ್ಲೂ ಸೋರಿಲ್ಲ. ಕ್ಲಿಪ್ ಹತ್ತಿರ ಸ್ವಲ್ಪ ಬಿಳಿ ಪುಡಿ ಕಟ್ಟಿದೆ ಅಷ್ಟೆ. ಕೂಲೆಂಟ್ ಕಡಿಮೆಯಾದಾಗ ಬೋರ್ ನೀರು ಹಾಕುತ್ತೇವೆ. ಬದಲಿಸಲೇಬೇಕಾ?
– ಓದುಗರು, ಗಂಗಾವತಿ

ಉತ್ತರ: ಬದಲಿಸಿ ಸರ್. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಸೋರಿಲ್ಲ ಅಂತ ಬರೆದಿದ್ದೀರಿ, ಆದರೆ ಆ ಬಿಳಿ ಪುಡಿಯೇ ಸೋರಿಕೆಯ ಗುರುತು. ಅಲ್ಲಿ ಹನಿಹನಿ ಜಿನುಗಿದ್ದು ಇಂಜಿನ್ ಬಿಸಿಗೆ ಆರಿಹೋಗಿ, ಉಪ್ಪು ಮಾತ್ರ ಉಳಿದಿದೆ.

ಕೂಲೆಂಟ್ ಹೋಸ್ ಹೆಚ್ಚಾಗಿ ಒಳಗಿನಿಂದ ಹಾಳಾಗುತ್ತದೆ, ಅದೂ ತುದಿಯಲ್ಲಿ. ರಬ್ಬರು, ಕೂಲೆಂಟು, ಲೋಹ ಮೂರೂ ಸೇರುವ ಕಡೆ ಒಂದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ನಡೆದು ರಬ್ಬರ್ ಸೀಳುತ್ತಾ ಹೋಗುತ್ತದೆ. ಹಳೆ ವ್ಯಾನೊಂದರಿಂದ ಬಿಚ್ಚಿದ, ರೇಡಿಯೇಟರಿನ ಮೇಲಿನ ಹೋಸನ್ನು ಒಮ್ಮೆ ಉದ್ದಕ್ಕೆ ಕೊಯ್ದು ನೋಡಿದ್ದೆ. ಹೊರಗೆ ಕಪ್ಪಗೆ ಹೊಳೀತಿತ್ತು. ಒಳಗೆ, ಕ್ಲಿಪ್ ಕೂರುವ ಜಾಗದಿಂದ ಎರಡು ಬೆರಳಗಲ, ಬೇಸಿಗೆಯ ಎರೆಹೊಲ ಬಿರಿದ ಹಾಗಿತ್ತು. ನೂಲಿನ ಪದರ ಕಾಣುತ್ತಿತ್ತು.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ನೀವೇ ನೋಡಿ. ಮೊದಲು ನಡುವೆ ಹಿಚುಕಿ, ಆಮೇಲೆ ಕ್ಲಿಪ್ ಪಕ್ಕ ಹಿಚುಕಿ. ತುದಿ ನಡುವಿಗಿಂತ ಮೆತ್ತಗಿದ್ದರೆ, ಒಳಗೆ ಚರಚರ ಅಂದರೆ, ಅದರ ಆಯುಸ್ಸು ಮುಗಿದಿದೆ. ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೂ ಅಷ್ಟೆ. ಉಬ್ಬಿ ಜಿಗುಟಾಗಿದ್ದರೆ ಮೇಲೆ ಆಯಿಲ್ ಬೀಳುತ್ತಿದೆ, ಅದನ್ನು ಮೊದಲು ನಿಲ್ಲಿಸಿ. ಕಡಿಮೆ ಓಡಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲ್ಲ. ನಿಂತ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಿದರೆ ನೆಮ್ಮದಿ. ಸಣ್ಣ ಬೈಪಾಸ್ ಹೋಸ್, ಹೀಟರ್ ಹೋಸ್ ಮರೆಯಬೇಡಿ.

ಬೋರ್ ನೀರು ದಯವಿಟ್ಟು ಬಿಡಿ. ನಮ್ಮ ಕೊಪ್ಪಳ, ರಾಯಚೂರು ಕಡೆ ಬೋರಿನ ನೀರು ಎಷ್ಟು ಗಡಸು ಅಂತ ಮನೆಯ ಪಾತ್ರೆಯೇ ಹೇಳುತ್ತದೆ ಅಲ್ವಾ? ಅದೇ ಕಲ್ಲು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಬೆರೆಸದ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ಈ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟಾಗ ಇನ್ನೂ ತಡವಾಗಿ. ಹೊರಗೆ 40 ಡಿಗ್ರಿ ಬಿಸಿಲು, ಗಾಡಿ ತುಂಬಾ ಸಾಮಾನು, ಮುಂದೆ ಘಾಟಿ. ಆಗ ಬೇಕಾಗುವುದು ಇದೇ. ಕ್ಯಾಪ್ ಹಳೆಯದಾಗಿದ್ದರೆ ಅದೂ ಹೊಸದಾಗಲಿ. ಇಂಜಿನ್ ತಣ್ಣಗಾದ ಮೇಲೆ ಹೋಸ್ ಚಪ್ಪಟೆಯಾದರೆ ಹೆಚ್ಚಿನ ಸಲ ತಪ್ಪು ಕ್ಯಾಪಿನದೇ.

ಹಳೇ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದು ಸಿಹಿ ಇರುತ್ತದೆ, ನಾಯಿ, ಕರು ನೆಕ್ಕಿದರೆ ಜೀವಕ್ಕೇ ಅಪಾಯ.

ಹೊಸ ಹೋಸ್ ತೂರಿಸಲು ಗ್ರೀಸ್ ಬೇಡ, ಸ್ವಲ್ಪ ಕೂಲೆಂಟ್ ಸವರಿದರೆ ಸಾಕು. ಪೈಪಿನ ತುದಿಯಲ್ಲಿ ಉಬ್ಬು ಇರುತ್ತದಲ್ಲ, ಕ್ಲಿಪ್ ಅದನ್ನು ದಾಟಿ ಕೂರಬೇಕು. ಜಾಸ್ತಿ ಬಿಗಿದರೆ ಪಟ್ಟಿಯೇ ರಬ್ಬರನ್ನು ಕೊಯ್ಯುತ್ತದೆ. ಬ್ರ್ಯಾಕೆಟ್ಟಿಗೆ ಉಜ್ಜುವ ಕಡೆ ಹಳೇ ಹೋಸಿನ ಗಟ್ಟಿ ತುಂಡನ್ನು ಸೀಳಿ ತೊಡಿಸಿ, ಟೈ ಹಾಕಿ. ಬಳ್ಳಾರಿ ಕಡೆ ಅದಿರಿನ ಲಾರಿಗಳ ಹಿಂದೆ ಓಡಿದ್ದರೆ ಅಲ್ಲಿ ಕೆಂಧೂಳು ಸೇರಿ ಉಪ್ಪುಕಾಗದದ ಹಾಗೆ ಸವೆಸುತ್ತಿರುತ್ತದೆ. ಇನ್ನು ನಿಮ್ಮದು ಭತ್ತದ ಊರು. ಗಾಡಿ ನಿಂತಿರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಇಂಜಿನ್ ಮುಚ್ಚಳ ಎತ್ತಿ, ಇಲಿ ಕಚ್ಚಿದೆಯಾ ನೋಡಿ.

ದಾರಿಯಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ತಕ್ಷಣ ನಿಲ್ಲಿಸಿ. ಇಂಜಿನ್ ಪೂರ್ತಿ ತಣ್ಣಗಾಗುವ ತನಕ ಕ್ಯಾಪ್ ಮುಟ್ಟಬೇಡಿ. ಒಂದು ಮೇಲಿನ ಹೋಸ್, ಎರಡು ಕ್ಲಿಪ್, ಸ್ಕ್ರೂಡ್ರೈವರ್, ಐದು ಲೀಟರ್ ನೀರು ಜೊತೆಗಿರಲಿ.

ಈ ಕೆಲಸವನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಒಂದು ವಾರ ಮೊದಲೇ ಮಾಡಿಸಿ, ಕೊಪ್ಪಳದವರೆಗೆ ಹೋಗಿ ಬನ್ನಿ. ಹೊಸ ರಬ್ಬರ್ ಸ್ವಲ್ಪ ಅಮುಕಿಕೊಂಡಿರುತ್ತದೆ. ಮರುದಿನ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎಲ್ಲಾ ಕ್ಲಿಪ್‌ಗಳನ್ನೂ ಇನ್ನೊಮ್ಮೆ ಹದವಾಗಿ ಬಿಗಿಯಿರಿ.