ಹೊಯಿಗೆಯೊಳಗಿನ ವಿಮಾನ

ಮುಳ್ಳೇರಿಯ ಕಡೆಯ ಒಬ್ಬ ತಾಯಿ ಈ ತಿಂಗಳು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ.

ಕಾಗದದ ಸಾರ ಇದು. ಮಗನಿಗೆ ಐದೂವರೆ ವರ್ಷ, ಯುಕೆಜಿ. ಎರಡು ವರ್ಷದ ತಂಗಿ ಇದ್ದಾಳೆ. ಅಪ್ಪನಿಗೆ ಶಾರ್ಜಾದಲ್ಲಿ ಕೆಲಸ. ಮಳೆಗಾಲದಲ್ಲಿ ಒಂದು ತಿಂಗಳು ರಜೆಯಲ್ಲಿ ಬಂದು ಹೋದರು. ಅದಾದ ಮೇಲೆ ಮಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ, ತಂಗಿಯನ್ನು ಕಚ್ಚುತ್ತಾನೆ, ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಮಂಗಳೂರಿನ ಮಕ್ಕಳ ಡಾಕ್ಟರು ಪ್ಲೇ ಥೆರಪಿಗೆ, ಅಂದರೆ ಆಟದ ಮೂಲಕ ಮಗುವಿನ ಮನಸ್ಸಿಗೆ ಕೊಡುವ ಚಿಕಿತ್ಸೆಗೆ, ಕಳಿಸಿದರು. ಕಾಸರಗೋಡಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಇನ್ನೊಂದು. 45 ನಿಮಿಷದ ಆಟಕ್ಕೆ ಇಡೀ ದಿನ ಹೋಗುತ್ತದೆ. ಅತ್ತೆ ಕೇಳುತ್ತಾರಂತೆ, “ಮಗುವನ್ನು ಆಡಿಸ್ಲಿಕ್ಕೆ ದುಡ್ಡು ಕೊಡ್ಲಿಕ್ಕುಂಟಾ? ನಮಗೆ ಅಂಗಳ ಇಲ್ವಾ?” ಒಳಗೆ ಏನು ನಡೆಯಿತು ಎಂದು ಥೆರಪಿಸ್ಟ್ ಪೂರ್ತಿ ಹೇಳುವುದಿಲ್ಲ. ಈಗ ತಾಯಿಯೇ ಕೂತು ಮಗನ ಜೊತೆ ಆಡಬೇಕು ಎನ್ನುತ್ತಿದ್ದಾರೆ. ನಾಲ್ಕು ವಾರದಿಂದ ಮಗನದು ಒಂದೇ ಆಟ. ಆಟಿಕೆಯ ವಿಮಾನವನ್ನು ಹೊಯಿಗೆಯಲ್ಲಿ ಹೂತುಹಾಕುವುದು. “ಇದರ ಅರ್ಥ ಏನು? ಆಟ ನೋಡಿ ನನಗೆ ಏನು ಗೊತ್ತಾಗಬೇಕು?” ಎಂದು ಕೇಳಿದ್ದಾರೆ.

ಪ್ರೀತಿಯ ಸೋದರಿ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಎರಡನೇ ಪುಟದ ಕೊನೆಯಲ್ಲಿ ಒಂದು ವಾಕ್ಯ ಇದೆ. ಬೇರೆ ಏನೋ ಹೇಳುತ್ತಾ ನಡುವೆ ಬರೆದುಬಿಟ್ಟಿದ್ದೀರಿ. “ಅಳುತ್ತಾನೆ ಅಂತ ಅವನು ಮಲಗಿದ್ದಾಗಲೇ ಇವರು ಏರ್‌ಪೋರ್ಟಿಗೆ ಹೊರಟರು.” ಈ ವಾಕ್ಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಬೇಕು.

ನನ್ನ ಅಮ್ಮ ತೀರಿಹೋದಾಗ ಮಗಳಿಗೆ ನಾಲ್ಕು ವರ್ಷ. ಅಜ್ಜಿ ಎಲ್ಲಿ ಎಂದು ಕೇಳಿದಳು. ಸಣ್ಣ ಮಗುವಿಗೆ ಸಾವು ಅಂತ ಯಾಕೆ ಹೇಳಬೇಕು ಎಂದು, “ಅಜ್ಜಿ ಮಲಗಿದ್ದಾರೆ” ಎಂದೆ. ಹತ್ತು ದಿನ ಕಳೆದ ಮೇಲೆ ಅವಳು ಒಂದು ಆಟ ಶುರು ಮಾಡಿದಳು. ಬೊಂಬೆಯನ್ನು ಚಾಪೆಯ ಮೇಲೆ ಮಲಗಿಸುವುದು, ಬಿಳಿ ಬಟ್ಟೆ ಹೊದಿಸುವುದು, ಮತ್ತೆ “ಏಳು, ಏಳು” ಎಂದು ಅಲುಗಾಡಿಸುವುದು. ದಿನಾ ಇದೇ. ಮನೆಯಲ್ಲಿ ಎಲ್ಲರಿಗೂ ಕಸಿವಿಸಿ. ಅಪಶಕುನ ಎಂದು ಯಾರೋ ಹೇಳಿದರು. ನಾನು ಗದರಿಸಿ ಬೊಂಬೆಯನ್ನು ಅಟ್ಟಕ್ಕೆ ಹಾಕಿದೆ. ಆಟ ನಿಂತಿತು. ಆದರೆ ಅವಳು ರಾತ್ರಿ ನಿದ್ದೆ ಮಾಡುವುದನ್ನೂ ನಿಲ್ಲಿಸಿದಳು. ಕಣ್ಣು ಮುಚ್ಚಿದರೆ ಚೀರುತ್ತಿದ್ದಳು. ನಾನು ಮಲಗಿದರೂ ಅಲುಗಾಡಿಸಿ ಎಬ್ಬಿಸುತ್ತಿದ್ದಳು. ಮಲಗಿದವರು ಏಳುವುದಿಲ್ಲ ಎಂದು ನಾನೇ ಅವಳಿಗೆ ಕಲಿಸಿದ್ದೆ ಎಂದು ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. ಅವಳು ಅದನ್ನು ಬೊಂಬೆಯ ಮೂಲಕ ನನಗೆ ದಿನಾ ಹೇಳುತ್ತಿದ್ದಳು. ನೋಡುವ ಕಣ್ಣು ನನಗೆ ಇರಲಿಲ್ಲ.

ಪ್ಲೇ ಥೆರಪಿಯಲ್ಲಿ ನಿಮಗೆ ಸಿಗಬೇಕಾದದ್ದು ಈ ಕಣ್ಣು. ಮಗುವಿಗೆ ಅದರಿಂದ ಆಗುವ ಉಪಕಾರ ಒಂದು ಕಡೆ ಇರಲಿ, ತಂದೆತಾಯಿಗೆ ಆಗುವ ಉಪಕಾರ ಅದಕ್ಕಿಂತ ಕಡಿಮೆಯದಲ್ಲ ಎಂದು ನಾನು ನಂಬಿದ್ದೇನೆ.

ಈಗ ಅತ್ತೆಯವರ ಪ್ರಶ್ನೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಂಗಳದ ಆಟ ಬೇಕೇ ಬೇಕು, ಅದರ ಜಾಗವನ್ನು ಯಾವ ಥೆರಪಿಯೂ ತುಂಬುವುದಿಲ್ಲ. ಆಟ ಮಕ್ಕಳ ಮನಸ್ಸನ್ನು ಹಗುರ ಮಾಡುತ್ತದೆ ಎನ್ನುವುದು ಅವರು ಕಣ್ಣಾರೆ ಕಂಡ ವಿಷಯವೇ. ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನ ಕೂಡ ಅಲ್ವಾ? ರಾತ್ರಿ ಆಟಕ್ಕೆ ಹೋದ ಹುಡುಗ ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಮರುದಿನ ಅದೇ ಹುಡುಗ ಸೊಂಟಕ್ಕೆ ಬೈರಾಸು ಕಟ್ಟಿ, ತಗಡಿನ ಡಬ್ಬಕ್ಕೆ ಬಡಿಯುತ್ತಾ ಅಂಗಳದಲ್ಲಿ ತಾನೇ ಮಹಿಷಾಸುರ ಆಗುತ್ತಾನೆ. ಹೆದರಿದವನು ಹೆದರಿಸುವವನಾಗುತ್ತಾನೆ. ನಾಲ್ಕು ಸಲ ಆಗುವಷ್ಟರಲ್ಲಿ ಹೆದರಿಕೆ ಅರ್ಧ ಕರಗಿರುತ್ತದೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ ಮಗು ಮನೆಯಲ್ಲಿ ಬೊಂಬೆಗೆ ಚುಚ್ಚುವುದೂ ಇದೇ. ಇದನ್ನು ಅತ್ತೆಗೆ ಹೇಳಿ ನೋಡಿ, ಅವರಿಗೆ ತಟ್ಟನೆ ಹೊಳೆಯುತ್ತದೆ.

ಥೆರಪಿಯ ಕೋಣೆಯಲ್ಲಿ ಬೇರೆ ಏನಿದೆ ಅಂದರೆ, ಮಗುವನ್ನು ತಿದ್ದದೆ, ಅವಸರ ಮಾಡದೆ, ಪೂರ್ತಿ ಗಮನ ಕೊಟ್ಟು ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡ ವ್ಯಕ್ತಿ. ಅಂಗಳದಲ್ಲಿ ಅದು ಸಿಗುವುದಿಲ್ಲ. ಅಲ್ಲಿ ನಮಗೆ ಅಡಿಕೆ ಒಣಗಿಸುವ ಕೆಲಸ ಇರುತ್ತದೆ. 1920ರ ದಶಕದ ಕೊನೆಗೆ ಲಂಡನ್ನಿನಲ್ಲಿ ಮಾರ್ಗರೆಟ್ ಲೋವನ್‌ಫೆಲ್ಡ್ ಎಂಬ ಮಕ್ಕಳ ಡಾಕ್ಟರು ಒಂದು ತಟ್ಟೆಯಲ್ಲಿ ಹೊಯಿಗೆ, ಪಕ್ಕದಲ್ಲಿ ನೀರು, ಸಣ್ಣ ಸಣ್ಣ ಮನುಷ್ಯ-ಪ್ರಾಣಿ-ಮನೆಗಳನ್ನು ಇಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಟ್ಟರು. ಮಕ್ಕಳು ಅದರಲ್ಲಿ ತಮ್ಮದೊಂದು ಲೋಕ ಕಟ್ಟಿದರು. ನಿಮ್ಮ ಮಗನ ಮುಂದೆ ಇಟ್ಟಿರುವ ಹೊಯಿಗೆ ತಟ್ಟೆಯ ಮೂಲ ಅಲ್ಲಿದೆ. 1947ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ ಪ್ಲೇ ಥೆರಪಿಗೆ ಎಂಟು ಸೂತ್ರ ಬರೆದರು. ಅವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು: ದಾರಿ ತೋರಿಸುವುದು ಮಗು, ದೊಡ್ಡವರು ಹಿಂದೆ ನಡೆಯಬೇಕು.

ನಿಮ್ಮನ್ನು ಯಾಕೆ ಒಳಗೆ ಕರೆದರು ಎಂಬ ಗೊಂದಲಕ್ಕೂ ಉತ್ತರ ಇದೆ. 1960ರ ದಶಕದಲ್ಲಿ ಬರ್ನಾರ್ಡ್ ಗರ್ನಿ, ಲೂಯಿಸ್ ಗರ್ನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಒಂದು ಪ್ರಶ್ನೆ ಎತ್ತಿದರು. ವಾರಕ್ಕೊಮ್ಮೆ ಕಾಣುವ ಥೆರಪಿಸ್ಟಿಗಿಂತ ಮಗುವಿಗೆ ಹತ್ತಿರದವರು ತಂದೆತಾಯಿ ತಾನೇ, ಹಾಗಿದ್ದರೆ ಈ ವಿದ್ಯೆಯನ್ನು ಅವರಿಗೇ ಯಾಕೆ ಕಲಿಸಬಾರದು? ಕಲಿಸಿದರು. 2005ರಲ್ಲಿ ಅಮೆರಿಕದ ಸಂಶೋಧಕರು ಪ್ಲೇ ಥೆರಪಿಯ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪರಿಣತರು ಮಾತ್ರ ಆಡಿಸಿದ ಕಡೆಗಿಂತ ತಂದೆತಾಯಿಗೆ ತರಬೇತಿ ಕೊಟ್ಟು ಆಡಿಸಿದ ಕಡೆ ಪರಿಣಾಮ ಜಾಸ್ತಿ ಕಂಡಿತು. ಹಾಗಾಗಿ ನಿಮ್ಮನ್ನು ಕರೆದದ್ದು ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಅಲ್ಲ. ನಿಮ್ಮ ಥೆರಪಿಸ್ಟ್ ಒಳ್ಳೆಯ ದಾರಿಯಲ್ಲಿದ್ದಾರೆ.

ಅವರು ಎಲ್ಲವನ್ನೂ ಹೇಳದಿರುವುದೂ ಸರಿಯೇ. ಈ ಕೋಣೆಯಲ್ಲಿ ಆಡಿದ್ದು ಮನೆಯಲ್ಲಿ ವಿಚಾರಣೆಗೆ ಬರುವುದಿಲ್ಲ ಎಂದು ಮಗುವಿಗೆ ಭರವಸೆ ಬೇಕು. ಆದರೆ ಒಟ್ಟಾರೆ ಏನು ಕಾಣುತ್ತಿದೆ, ಮನೆಯಲ್ಲಿ ಏನು ಬದಲಿಸಬೇಕು ಎನ್ನುವುದನ್ನು ಅವರು ನಿಮಗೆ ಹೇಳಲೇಬೇಕು. ಕೇಳಿ. ಅವರ ಓದು, ತರಬೇತಿ ಏನು ಎಂದೂ ಸಂಕೋಚ ಇಲ್ಲದೆ ಕೇಳಿ. ಮಗುವಿಗೆ ಅಪಾಯ ಇದೆ ಎಂಬ ಸುಳಿವು ಸಿಕ್ಕಿದರೆ ಮಾತ್ರ ಅವರು ಮುಚ್ಚಿಡುವಂತಿಲ್ಲ.

ವಿಮಾನದ ವಿಷಯಕ್ಕೆ ಬರುತ್ತೇನೆ. ಅದರ ಅರ್ಥವನ್ನು ನಾನು ಇಲ್ಲಿ ಕೂತು ಹೇಳಿದರೆ ಅದು ಕವಡೆ ಶಾಸ್ತ್ರ ಹೇಳಿದ ಹಾಗೆ ಆಗುತ್ತದೆ. ಅಪ್ಪನನ್ನು ಒಯ್ದ ವಿಮಾನದ ಮೇಲೆ ಸಿಟ್ಟಿರಬಹುದು. ಇನ್ನು ಹಾರಲೇ ಬಾರದು ಎಂದು ಬಚ್ಚಿಡುತ್ತಿರಬಹುದು. ಅಪ್ಪ ಕಳೆದುಹೋದರು ಎಂದುಕೊಂಡು ಹುಡುಕುವ ಆಟವೂ ಇರಬಹುದು. ಸುಮ್ನೆ ಹೊಯಿಗೆ ತೋಡುವುದು ಇಷ್ಟ ಎಂದೂ ಇರಬಹುದು. ಒಂದು ದಿನದ ಆಟಕ್ಕೆ ಅರ್ಥ ಹಚ್ಚಲು ಹೋಗಬೇಡಿ. ಮತ್ತೆ ಮತ್ತೆ ಬರುವುದನ್ನು ನೋಡಿ, ಮತ್ತೆ ಮತ್ತೆ ಬರುವುದರಲ್ಲಿ ಯಾವಾಗ ಏನು ಬದಲಾಯಿತು ಎಂದು ನೋಡಿ. ಹೂತ ಮೇಲೆ ತೆಗೆಯುತ್ತಾನಾ? ತೆಗೆಯುವಾಗ ಮುಖ ಹೇಗಿರುತ್ತದೆ? ಯಾರಾದರೂ ಅದರೊಳಗೆ ಕೂತಿದ್ದಾರಾ? ವಾರಗಳು ಕಳೆದಂತೆ ಗುಂಡಿ ಆಳವಾಗುತ್ತಿದೆಯಾ, ಕಡಿಮೆಯಾಗುತ್ತಿದೆಯಾ?

ಈಗ ನಾನು ಮೊದಲು ಹೇಳಿದ ಆ ವಾಕ್ಯ. ಅವನು ಮಲಗುವಾಗ ಅಪ್ಪ ಇದ್ದರು, ಎದ್ದಾಗ ಇರಲಿಲ್ಲ. ನೀವಿಬ್ಬರೂ ಪ್ರೀತಿಯಿಂದಲೇ ಹಾಗೆ ಮಾಡಿದ್ದು. ಗಲ್ಫಿಗೆ ಹೋಗುವವರ ಮನೆಗಳಲ್ಲಿ ಹೀಗೆ ಮಾಡುವವರು ನೀವಿಬ್ಬರೇ ಅಲ್ಲ. ಆದರೆ ಐದು ವರ್ಷದವನ ಕಡೆಯಿಂದ ಯೋಚಿಸಿ. ಕಣ್ಣು ಮುಚ್ಚಿದರೆ ಯಾರಾದರೂ ಹೋಗಿಬಿಡಬಹುದು ಎಂದು ಅವನಿಗೆ ಗೊತ್ತಾಗಿದೆ. ತಂಗಿ ಮಾತ್ರ ದಿನವಿಡೀ ನಿಮ್ಮ ಸೊಂಟದ ಮೇಲೆ ಇರುತ್ತಾಳೆ. ಒದ್ದೆಯಾಗುವ ಹಾಸಿಗೆ, ತಂಗಿಗೆ ಕಚ್ಚುವುದು, ಹೂತ ವಿಮಾನ ಮೂರನ್ನೂ ಬೇರೆ ಬೇರೆ ತಂಟೆ ಎಂದು ನೋಡದೆ ಪಕ್ಕಪಕ್ಕ ಇಟ್ಟು ನೋಡಿ. ಇದು ನನ್ನ ಊಹೆ ಮಾತ್ರ. ಥೆರಪಿಸ್ಟಿಗೆ ಈ ಸಂಗತಿ ಹೇಳಿದ್ದೀರಾ? ಹೇಳದಿದ್ದರೆ ಮುಂದಿನ ವಾರವೇ ಹೇಳಿ. ಹಾಸಿಗೆ ಒದ್ದೆಯಾಗುವುದಕ್ಕೆ ಮೂತ್ರದ ಸೋಂಕು, ಮಲಬದ್ಧತೆಯೂ ಕಾರಣವಾಗಬಹುದು. ಜಾಸ್ತಿ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಕಾಯಿಲೆಯನ್ನೂ ನೋಡಬೇಕು. ಡಾಕ್ಟರು ಪರೀಕ್ಷೆ ಮಾಡಿದ್ದಾರಾ ಎಂದು ಖಚಿತ ಮಾಡಿಕೊಳ್ಳಿ.

ಶಾಲೆಯ ಮೌನದ ಬಗ್ಗೆ ಒಂದು ಮಾತು. ಮನೆಯಲ್ಲಿ ತುಳು, ಅಜ್ಜಿಯ ಜೊತೆ ಕನ್ನಡ, ಶಾಲೆಯಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಎಂದು ಬರೆದಿದ್ದೀರಿ. ನಮ್ಮ ಕಾಸರಗೋಡಿನ ಮಕ್ಕಳ ಹೆಗಲ ಮೇಲೆ ಇರುವ ಈ ಹೊರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಭಾರ ಎಷ್ಟೆಂದು ಕೇಳುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನೆ ಕೇಳುತ್ತಾ ಕೂರುವುದು ಸಹಜ. ಆದರೆ ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಗೊತ್ತಿರುವ ಭಾಷೆಯಲ್ಲೂ ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಅದು ಹಟ ಅಲ್ಲ, ಆತಂಕ. ಅವನು ಮನೆಯಲ್ಲಿ ‘ಶಾಲೆ ಆಟ’ ಆಡಿದರೆ ಕಿವಿಗೊಡಿ. ಟೀಚರಾಗಿ ಬೊಂಬೆಗಳಿಗೆ ಯಾವ ಭಾಷೆಯಲ್ಲಿ, ಯಾವ ದನಿಯಲ್ಲಿ ಮಾತಾಡುತ್ತಾನೆ ಎಂದು ಗಮನಿಸಿ. ಶಾಲೆಯಲ್ಲಿ ಏನಾಯಿತು ಎಂದು ಹತ್ತು ಸಲ ಕೇಳಿದರೂ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಥೆರಪಿಸ್ಟ್ ನಿಮಗೆ ಕಲಿಸುವುದು ಹೆಚ್ಚುಕಡಿಮೆ ಹೀಗಿರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ, ಅದೇ ದಿನ, ಅದೇ ಹೊತ್ತು, ಅದೇ ಜಾಗ. ಜಗಲಿಯ ಒಂದು ಮೂಲೆ ಸಾಕು. ಮೊಬೈಲು ಒಳಗೆ. ಆ ಹೊತ್ತಿಗೆ ತಂಗಿ ಅಜ್ಜಿಯ ಹತ್ತಿರ ಇರಲಿ, ಅತ್ತೆಯವರಿಗೆ ಈ ಕೆಲಸದಲ್ಲಿ ಪಾಲು ಸಿಗುವುದೂ ಒಳ್ಳೆಯದೇ. ದುಬಾರಿ ಆಟಿಕೆ ಬೇಡ. ಒಂದು ಬೇಸಿನ್ ಹೊಯಿಗೆ, ನಾಲ್ಕು ಗೆರಟೆ, ಅಡಿಕೆ ಹಾಳೆಯ ತುಂಡು, ಗದ್ದೆಯ ಮಣ್ಣು, ಒಂದಿಷ್ಟು ಬಣ್ಣದ ಕಡ್ಡಿ, ಅಪ್ಪ-ಅಮ್ಮ-ಮಕ್ಕಳು ಎನ್ನಬಹುದಾದ ನಾಲ್ಕು ಬೊಂಬೆ, ಒಂದು ವಿಮಾನ. ಚೆನ್ನೆಮಣೆಯ ಕಾಯಿಗಳನ್ನು ಇಡಬೇಡಿ, ತಂಗಿ ಬಾಯಿಗೆ ಹಾಕಿಕೊಂಡಾಳು. ಇವನ್ನೆಲ್ಲ ಒಂದು ಚೀಲದಲ್ಲಿ ಇಟ್ಟು ಆ ಅರ್ಧ ಗಂಟೆಗೆ ಮಾತ್ರ ತೆಗೆಯಿರಿ.

ಆಮೇಲಿನದು ಕಷ್ಟ. ಪ್ರಶ್ನೆ ಕೇಳಬಾರದು, ಕಲಿಸಬಾರದು. “ಯಾಕೆ ಹೂತುಹಾಕಿದೆ?” ಎಂದು ಕೇಳಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. “ಎಷ್ಟು ಗೆರಟೆ ಉಂಟು, ಎಣಿಸು ನೋಡುವ” ಎಂದರೆ ಅದು ಶಾಲೆಯಾಗುತ್ತದೆ. ಕಂಡದ್ದನ್ನು ಹೇಳಿ, ಸಾಕು. “ವಿಮಾನ ಹೊಯಿಗೆಯ ಒಳಗೆ ಹೋಯಿತು. ಈಗ ಕಾಣುವುದೇ ಇಲ್ಲ.” ಅವನ ಮುಖದಲ್ಲಿ ಕಂಡದ್ದನ್ನೂ ಹೇಳಿ. “ನಿನಗೆ ತುಂಬ ಸಿಟ್ಟು ಬಂದಿದೆ.” ತಪ್ಪಾದರೆ ಅವನೇ ಇಲ್ಲ ಎನ್ನುತ್ತಾನೆ. ಮೊದಲ ಒಂದೆರಡು ವಾರ ನಿಮಗೆ ಇದು ನಾಟಕದ ಹಾಗೆ ಅನಿಸುತ್ತದೆ, ಬಿಡಬೇಡಿ. ಮುಗಿಯಲು ಐದು ನಿಮಿಷ ಇರುವಾಗ ಹೇಳಿ. ಹೇಳದೆ ಆಟ ನಿಲ್ಲಿಸುವುದು ಈ ಮಗುವಿಗಂತೂ ಬೇಡ.

ಏನು ಮಾಡಿದರೂ ಬಿಡಬೇಕಾ ಎಂದು ಕೇಳಿದ್ದೀರಿ. ಇಲ್ಲ. ಕಚ್ಚಲು ಹೋದಾಗ ಕೈ ಹಿಡಿದು ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳಿ. “ತಂಗಿಯ ಮೇಲೆ ಸಿಟ್ಟು ಬಂದಿದೆ, ಗೊತ್ತಾಯಿತು. ತಂಗಿಗೆ ಕಚ್ಚಲಿಕ್ಕಿಲ್ಲ. ಈ ತಲೆದಿಂಬಿಗೆ ಗುದ್ದು.” ಸಿಟ್ಟಿಗೆ ಒಂದು ಹೆಸರು, ಕೈಗೆ ಒಂದು ತಡೆ, ಸಿಟ್ಟು ಹೊರಹೋಗಲು ಒಂದು ದಾರಿ, ಇದೇ ಕ್ರಮದಲ್ಲಿ. ಬೈಗುಳದಲ್ಲಿ ನಾವು ನಡುವಿನದನ್ನು ಮಾತ್ರ ಹೇಳಿ ಬಿಡುತ್ತೇವೆ.

ಎಲ್ಲ ಮಕ್ಕಳಿಗೂ ಇದೊಂದೇ ಸಾಕಾಗುವುದಿಲ್ಲ. ಮಾತೇ ಬಾರದ ಮಗುವಿಗೆ ಸ್ಪೀಚ್ ಥೆರಪಿ ಬೇಕು, ಕಲಿಕೆಯ ತೊಂದರೆಗೆ ಬೇರೆ ಪರೀಕ್ಷೆ ಬೇಕು. ಮೊದಲ ಕೆಲವು ವಾರ ತಂಟೆ ಜಾಸ್ತಿಯಾಗಬಹುದು, ಅದನ್ನು ನೋಡಿ ಅರ್ಧಕ್ಕೆ ಬಿಡುವುದು ಬೇಡ. ಪ್ರತಿ ವಾರ ಮಂಗಳೂರಿಗೆ ಹೋಗುವುದು ಆಗದಿದ್ದರೆ, ಎರಡು ವಾರಕ್ಕೊಮ್ಮೆ ಹೋಗಿ ನಡುವಿನ ವಾರ ಮನೆಯಲ್ಲಿ ನೀವೇ ಆಡಿಸಬಹುದಾ ಎಂದು ಥೆರಪಿಸ್ಟನ್ನು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ನಿಮ್ಮ ಹತ್ತಿರ ಯಾವ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ರಾತ್ರಿ ಹೊತ್ತು ತಲೆ ಕೆಟ್ಟುಹೋದಾಗ ನಿಮಗೇ ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಇನ್ನೊಂದು ಕೆಲಸ ನಿಮ್ಮ ಮನೆಯವರದು. ಮುಂದಿನ ವಿಡಿಯೋ ಕಾಲಿನಲ್ಲಿ ಅವರೇ ಮಗನಿಗೆ ಹೇಳಲಿ. “ನೀನು ಮಲಗಿದ್ದಾಗ ನಾನು ಹೋದೆ. ಎಬ್ಬಿಸಿ ಹೇಳಿ ಹೋಗಬೇಕಿತ್ತು. ಇನ್ನು ಮುಂದೆ ಹೇಳದೆ ಹೋಗುವುದಿಲ್ಲ.” ಜನವರಿಯಲ್ಲಿ ಮತ್ತೆ ಬರುತ್ತಾರೆ ಎಂದು ಬರೆದಿದ್ದೀರಿ. ಕ್ಯಾಲೆಂಡರಿನಲ್ಲಿ ಬರುವ ದಿನಕ್ಕೂ ಹೋಗುವ ದಿನಕ್ಕೂ ಅವನ ಕೈಯಿಂದಲೇ ಬಣ್ಣ ಹಾಕಿಸಿ. ಹೋಗುವ ದಿನ ಏರ್‌ಪೋರ್ಟಿಗೆ ಅವನನ್ನೂ ಕರೆದುಕೊಂಡು ಹೋಗಿ. ಅಳುತ್ತಾನೆ. ಅಳಲಿ. ಅಪ್ಪ ಗಾಜಿನ ಬಾಗಿಲ ಒಳಗೆ ಹೋಗುವುದನ್ನು ಅವನು ಎಚ್ಚರದಲ್ಲಿ ನೋಡಲಿ.

ನನ್ನ ಮಗಳ ಬೊಂಬೆಯನ್ನು ಅಟ್ಟದಿಂದ ಇಳಿಸಿ ಕೊಟ್ಟಾಗ ಅವಳು ಮತ್ತೆ ಬಿಳಿ ಬಟ್ಟೆ ಹೊದಿಸಿದಳು. ಈ ಸಲ ಪಕ್ಕದಲ್ಲಿ ಕೂತೆ. “ಅಜ್ಜಿ ಮಲಗಿದ್ದಲ್ಲ, ತೀರಿಹೋದರು. ನಾನು ತಪ್ಪು ಹೇಳಿದೆ” ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಬಟ್ಟೆ ತೆಗೆದು ಬೊಂಬೆಯ ತಲೆ ಬಾಚಲು ಶುರು ಮಾಡಿದಳು.

ಜನವರಿ ಕಳೆದ ಮೇಲೆ ಒಂದು ಕಾಗದ ಹಾಕಿ. ವಿಮಾನ ಏನಾಯಿತೆಂದು ನನಗೂ ತಿಳಿಯಬೇಕು.

– ಸಂಪಾದಕ