ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ತಲೆಮಾರುಗಳಿಂದ ಒಂದೇ ರ‍್ಯಾಂಚಿನಲ್ಲಿ

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ ಅಜ್ಜ, ಅಪ್ಪ, ಮಗ ಎಲ್ಲರೂ ಒಂದೇ ರ‍್ಯಾಂಚಿನಲ್ಲಿ (ದನ ಸಾಕುವ ದೊಡ್ಡ ಜಮೀನಿನಲ್ಲಿ) ದನ ನೋಡಿಕೊಂಡು ಆಯುಷ್ಯ ಕಳೆದ ಕೌಬಾಯ್ ಮನೆತನಗಳಿವೆ ಎಂದು ಓದಿದೆ. ಸಿನಿಮಾದ ಕೌಬಾಯ್ ಯಾರ ಹಂಗಿಗೂ ಬೀಳದವನು. ಇವರದು ಹೆಮ್ಮೆಯೋ, ಬೇರೆ ದಾರಿಯಿಲ್ಲದ ಜೀತವೋ?

ಉತ್ತರ: ಜೀತ ಎನ್ನಲು ಮನಸ್ಸು ಒಪ್ಪದು. ಬರೀ ಹೆಮ್ಮೆ ಎಂದೂ ಬರೆಯಲಾರೆ. ಇಂಥ ಮನೆತನಗಳಿಗೆ ದಕ್ಷಿಣ ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್ ಹೆಸರುವಾಸಿ. ಅದನ್ನೇ ಹಿಡಿದು ಹೇಳುತ್ತೇನೆ.

ಹಬೆದೋಣಿ ನಡೆಸುತ್ತಿದ್ದ ರಿಚರ್ಡ್ ಕಿಂಗ್ 1853ರಲ್ಲಿ ಅಲ್ಲಿ ಜಮೀನು ಕೊಂಡ. ದನದ ಕಸುಬು ಅವನಿಗೆ ಹೊಸದು. ಮರುವರ್ಷ ದನ ಕೊಳ್ಳಲು ಮೆಕ್ಸಿಕೊದ ಕ್ರುಯಿಯಾಸ್ ಎಂಬ ಊರಿಗೆ ಹೋದಾಗ ಅಲ್ಲಿ ಬರ ಬಿದ್ದಿತ್ತು. ಊರವರು ಇದ್ದಬದ್ದ ದನಗಳನ್ನೆಲ್ಲ ಅವನಿಗೆ ಮಾರಿದರು. ದನ ಹೋದ ಮೇಲೆ ಹೊಟ್ಟೆಪಾಡಿಗೇನು? ಕಿಂಗ್ ಇಡೀ ಊರನ್ನೇ ಕರೆದ: ನನ್ನ ಜೊತೆ ಬನ್ನಿ, ಇರಲು ಮನೆ, ಊಟ, ಸಂಬಳ ಕೊಡುತ್ತೇನೆ. ನೂರಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. ಅವರ ವಂಶದವರನ್ನೇ ಕಿನೇನ್ಯೋಗಳು, ಅಂದರೆ ಕಿಂಗ್‌ನ ಜನ, ಎನ್ನುತ್ತಾರೆ.

ಯಜಮಾನ ಅವನಾದರೂ ವಿದ್ಯೆ ಇವರದು. ಕುದುರೆ ಪಳಗಿಸುವುದು, ಕುಣಿಕೆ ಎಸೆಯುವುದು, ಕರುಗಳಿಗೆ ಮುದ್ರೆ ಒತ್ತುವುದು ಎಲ್ಲವೂ ಮೆಕ್ಸಿಕೊದ ವಕೇರೋಗಳಿಂದ, ಅಂದರೆ ಕುದುರೆಯೇರಿ ದನ ಕಾಯುವವರಿಂದ, ಬಂದದ್ದು. ಸಿನಿಮಾ ಇದನ್ನು ಬಹುಕಾಲ ಮರೆಮಾಚಿದ್ದು ನನಗೆ ಇಂದಿಗೂ ಸಂಕಟದ ವಿಷಯ.

ಆ ವಿದ್ಯೆಯ ಒಂದು ಚೂರು ನೋಡಿ. ದನದ ಕುತ್ತಿಗೆಗೆ ಕುಣಿಕೆ ಬಿದ್ದ ಕ್ಷಣದಲ್ಲೇ ಸವಾರ ಹಗ್ಗವನ್ನು ಜೀನಿನ ಮುಂದಿನ ಗೂಟಕ್ಕೆ ಸುತ್ತಬೇಕು. ಸುತ್ತುವಾಗ ಹೆಬ್ಬೆರಳು ಮೇಲಕ್ಕೆ ಚಾಚಿರಬೇಕು. ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿಕೊಂಡರೆ ಬೆರಳು ಹೋದಂತೆಯೇ. ಅದೇ ಹೊತ್ತಿಗೆ ಕುದುರೆ ಹೇಳಿಸಿಕೊಳ್ಳದೆ ಹಿಂದೆ ಸರಿದು ಹಗ್ಗ ಬಿಗಿಯಾಗಿಡಬೇಕು. ಇದನ್ನು ಪುಸ್ತಕ ಓದಿ ಕಲಿಯುವಂತಿಲ್ಲ. ಹುಡುಗ ಅಪ್ಪನ ಪಕ್ಕ ಕುದುರೆ ಹತ್ತಿ, ಅವನ ಕೈ ನೋಡುತ್ತ ನೋಡುತ್ತ ತನ್ನ ಕೈ ತಿದ್ದಿಕೊಳ್ಳಬೇಕು. ಅಲ್ಲಿನ ಮೆಸ್ಕೀಟ್ ಪೊದೆಯಂತೂ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರೊಳಗೆ ದನ ನುಗ್ಗಿದರೆ ಹಿಂದೆಯೇ ನುಗ್ಗಬೇಕು, ಅದಕ್ಕೇ ತೊಡೆ ಮುಚ್ಚುವ ಆ ತೊಗಲಿನ ಹೊದಿಕೆ. ಅದು ಶೋಕಿಗಲ್ಲ. ಬರ ಬಂದಾಗ ಪಾಪಾಸುಕಳ್ಳಿಯ ಮುಳ್ಳನ್ನು ಬೆಂಕಿಯಲ್ಲಿ ಸುಟ್ಟು ದನಕ್ಕೆ ಮೇವು ಮಾಡುವುದೂ ಆ ಸೀಮೆಯ ರೂಢಿ. ಯಾವ ಕಳ್ಳಿ ಎಷ್ಟು ಸುಡಬೇಕೆಂದು ಬಲ್ಲ ಮುದುಕನ ಬೆಲೆ ಆಗ ತಿಳಿಯುತ್ತದೆ.

ಇನ್ನು ನಿಮ್ಮ ಜೀತದ ಮಾತು. ಮನೆ, ಮಕ್ಕಳಿಗೆ ರ‍್ಯಾಂಚಿನದೇ ಶಾಲೆ, ಮಗನಿಗೂ ಕೆಲಸ ಸಿಕ್ಕೀತೆಂಬ ನಂಬಿಕೆ ಇವೆಲ್ಲ ಇದ್ದವು. ಬರದಲ್ಲಿ ಎಲ್ಲ ಮಾರಿಕೊಂಡವರ ಮೊಮ್ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ರ‍್ಯಾಂಚ್ 8.25 ಲಕ್ಷ ಎಕರೆಯಷ್ಟಿದ್ದರೂ ಆ ನೆಲ ದುಡಿದವರದಾಗಲಿಲ್ಲ. ನಿಷ್ಠೆಯನ್ನು ಹೊಗಳುವವರು ಇದನ್ನೂ ಹೇಳಬೇಕು.

ದಾರಿ ಪೂರ್ತಿ ಮುಚ್ಚಿರಲಿಲ್ಲ, ನಿಜ. ಅಲ್ಲಿ ಸವಾರರ ಮೇಲ್ವಿಚಾರಣೆ ನೋಡುತ್ತಿದ್ದ ಒಬ್ಬ ಮೇಸ್ತ್ರಿಯ ಮಗ ಲಾರೋ ಕವಾಸೋಸ್ 1988ರಲ್ಲಿ ಅಮೆರಿಕದ ಶಿಕ್ಷಣ ಸಚಿವರಾದರು. ಅವರ ತಮ್ಮ ರಿಚರ್ಡ್ ಕವಾಸೋಸ್ 1982ರಲ್ಲೇ ಸೇನೆಯಲ್ಲಿ ನಾಲ್ಕು ನಕ್ಷತ್ರದ ಜನರಲ್ ಆಗಿದ್ದರು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ) ಮೂಲದವರಲ್ಲಿ ಆ ಸ್ಥಾನಗಳಿಗೇರಿದ ಮೊದಲಿಗರು ಇವರೇ. ಆದರೆ ಮೇಸ್ತ್ರಿಯ ಮಕ್ಕಳಿಗೆ ಸಿಕ್ಕಿದ್ದು ಪ್ರತಿ ಸವಾರನ ಮಕ್ಕಳಿಗೂ ಸಿಕ್ಕಿತೆಂದು ತಿಳಿಯಬೇಡಿ.

ಹೋಗಬಹುದಾಗಿದ್ದೂ ಉಳಿದವನನ್ನು ನಾನು ಕೈಮುಗಿದು ಗೌರವಿಸುತ್ತೇನೆ. ಈಗ ಹೆಲಿಕಾಪ್ಟರ್ ದನ ಅಟ್ಟುತ್ತದೆ, ಸವಾರರು ಕಡಿಮೆಯಾಗಿದ್ದಾರೆ. ಆದರೂ ಪೊದೆಯೊಳಗೆ ಕುಂಟುತ್ತ ನಿಂತ ಹಸುವನ್ನು ಹುಡುಕಿ, ಅದರ ಗೊರಸು ಎತ್ತಿ ನೋಡುವವನು ಕುದುರೆಯಿಂದಲೇ ಇಳಿಯಬೇಕು.

ಪ್ರಶ್ನೆ: ಈ ಕಥೆಯಲ್ಲಿ ಹೆಂಗಸರೇ ಇಲ್ಲವೇ?

ಉತ್ತರ: ಇದ್ದಾರೆ. 1885ರಲ್ಲಿ ಕಿಂಗ್ ತೀರಿಕೊಂಡಾಗ ಜಮೀನಿನ ಜೊತೆ ದೊಡ್ಡ ಸಾಲವೂ ಹೆಂಡತಿ ಹೆನ್ರಿಯೆಟಾ ಪಾಲಿಗೆ ಬಂತು. ಅಳಿಯನ ನೆರವಿನಿಂದ ಅದನ್ನು ತೀರಿಸಿ, 1925ರಲ್ಲಿ ಸಾಯುವವರೆಗೂ ಯಜಮಾನಿಕೆ ನಡೆಸಿದರು. ಕಿನೇನ್ಯೋ ಹೆಂಗಸರ ದುಡಿಮೆಯ ಬಗ್ಗೆ ಬರೆದದ್ದು ತೀರ ಕಡಿಮೆ. ಗಂಡಸರು ವಾರಗಟ್ಟಲೆ ದನದ ಹಿಂದೆ ಇದ್ದಾಗ ಮನೆ, ಮಕ್ಕಳು, ಭಾಷೆ ಎಲ್ಲ ಉಳಿದದ್ದು ಅವರಿಂದ.

ಪ್ರಶ್ನೆ: ಅಮೆರಿಕದ ದನಗಳಲ್ಲಿ ನಮ್ಮ ತಳಿಯ ರಕ್ತ ಇದೆಯಂತೆ, ಹೌದೇ?

ಉತ್ತರ: ಹೌದು. ಕಿಂಗ್ ರ‍್ಯಾಂಚಿನ ಸಾಂತಾ ಗೆರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಇಂಗ್ಲೆಂಡ್ ಮೂಲದ ಶಾರ್ಟ್‌ಹಾರ್ನ್. 1940ರಲ್ಲಿ ಅದಕ್ಕೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿತು. ಬ್ರಾಹ್ಮನ್ ರೂಪುಗೊಂಡದ್ದು ಓಂಗೋಲ್, ಗಿರ್, ಕಾಂಕ್ರೇಜ್ ಮತ್ತು ನಮ್ಮ ಕೃಷ್ಣಾ ಕಣಿವೆ ದನಗಳಿಂದ. ಶಾರ್ಟ್‌ಹಾರ್ನ್ ಮೈತುಂಬ ಮಾಂಸ ಕೊಟ್ಟರೂ ಅಲ್ಲಿನ ಬಿಸಿಲಿಗೆ, ಉಣ್ಣಿಗಳ ಕಾಟಕ್ಕೆ ಸೊರಗುತ್ತಿತ್ತು. ನಮ್ಮ ದನ ಎರಡನ್ನೂ ತಡೆದುಕೊಂಡಿತು.