ಡಿ ಮರಿಯಾ ಹೊರಗೆ ಹೋದದ್ದೇ ಕಾರಣವಾ?

2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು 2-0 ಮುಂದಿದ್ದ ಅರ್ಜೆಂಟೀನಾ ತಡಬಡಾಯಿಸಿದ್ದು ಡಿ ಮರಿಯಾನನ್ನು ಹೊರಗೆ ಕರೆದದ್ದರಿಂದಲೇ ಅಲ್ವಾ ಅಂತ ಕೇಳಿದ್ದೀರಿ. ಅರ್ಧ ಹೌದು ಅನ್ನುತ್ತೇನೆ.

ಅವತ್ತು ಅವನನ್ನು ಎಡಬದಿಯಲ್ಲಿ ಆಡಿಸಿದ್ದು ಅರ್ಜೆಂಟೀನಾ ಕೋಚ್ ಸ್ಕಲೋನಿಯ ಜಾಣತನ. ಫ್ರಾನ್ಸ್‌ನ ಬಲಬದಿಗೆ ಉಸಿರಾಡೋಕೂ ಬಿಡಲಿಲ್ಲ. ಡೆಂಬೆಲೆ ಅವನನ್ನು ಬೀಳಿಸಿ ಪೆನಾಲ್ಟಿ ಕೊಟ್ಟ, ಮೆಸ್ಸಿ ಹೊಡೆದ. 36ನೇ ನಿಮಿಷದ ಗೋಲು ಡಿ ಮರಿಯಾನದ್ದೇ. ಎಂಥ ಚಂದದ ಗೋಲು ಅದು! 64ನೇ ನಿಮಿಷಕ್ಕೆ ಅವನು ಹೋಗಿ ಅಕುನಾ ಬಂದ ಮೇಲೆ ಆ ಬದಿಯ ಬೆದರಿಕೆ ಕಡಿಮೆಯಾಯಿತು. ಆದರೆ ಗಾಯದಿಂದ ಹಿಂದಿನ ಪಂದ್ಯಗಳಲ್ಲಿ ಹೆಚ್ಚು ಆಡದವನನ್ನು ಪೂರ್ತಿ 90 ನಿಮಿಷ ಓಡಿಸೋದು ಕಷ್ಟವೇ ಇತ್ತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಫ್ರಾನ್ಸ್ ಕೋಚ್ ದೆಶಾಂಪ್‌ನ ಧೈರ್ಯ. ಮಧ್ಯಂತರಕ್ಕೂ ಮೊದಲೇ, 41ನೇ ನಿಮಿಷದಲ್ಲಿ, ಜಿರೂ ಮತ್ತು ಡೆಂಬೆಲೆ ಇಬ್ಬರನ್ನೂ ಕೂರಿಸಿದ. ಫೈನಲ್‌ನಲ್ಲಿ ಹೀಗೆ ಮಾಡೋಕೆ ಗುಂಡಿಗೆ ಬೇಕು. ಆಗ ಬಂದ ಕೊಲೊ ಮುವಾನಿಯೇ ಮುಂದೆ ಪೆನಾಲ್ಟಿ ಗಳಿಸಿದ. ಎಂಬಾಪೆ ಅದನ್ನು ಹೊಡೆದ ಮರುನಿಮಿಷವೇ ಇನ್ನೊಂದು ಗೋಲು. ಅದಕ್ಕೆ ಮೆಸ್ಸಿಯಿಂದ ಚೆಂಡು ಕಿತ್ತುಕೊಂಡದ್ದು ಕೊಮಾನ್, ಕೊನೆಯ ಪಾಸ್ ಕೊಟ್ಟದ್ದು ಥುರಾಮ್. ಮೂವರೂ ಬೆಂಚಿನಿಂದ ಬಂದವರೇ! ತಾಜಾ ಕಾಲುಗಳ ಎದುರು ಅರ್ಜೆಂಟೀನಾ ಬಸವಳಿದಿತ್ತು.

ಆಮೇಲೆ 3-3, ಪೆನಾಲ್ಟಿ ಶೂಟೌಟ್‌ನಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಿತು. ಹೆಚ್ಚುವರಿ ಸಮಯದ ಕೊನೆಯಲ್ಲಿ ಕೊಲೊ ಮುವಾನಿಯ ಹೊಡೆತವನ್ನು ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್ ಕಾಲಿನಿಂದ ತಡೆಯದಿದ್ದರೆ ಕಪ್ ಫ್ರಾನ್ಸ್‌ನದ್ದೇ ಆಗುತ್ತಿತ್ತು. ಪಂದ್ಯ ಮತ್ತೆ ನೋಡೋದಾದರೆ 41ನೇ ನಿಮಿಷದಿಂದ ಫ್ರಾನ್ಸ್‌ನ ಬದಲಾವಣೆಗಳನ್ನೇ ಗಮನಿಸಿ.